ಬೆಲ್ಟ್ ಹೋಯಿತು, ಬೋರ್ಡ್ ಬಂತು

‘ಹಳೇದನ್ನೇ ರಿಪೇರಿ ಮಾಡಿಸೋದಾ, ಹೊಸದು ತರೋದಾ?’

ವಾಷಿಂಗ್ ಮೆಷಿನ್ ರಿಪೇರಿ ಮಾಡುವವನಿಗೆ ಜನ ಎಲ್ಲಕ್ಕಿಂತ ಹೆಚ್ಚು ಕೇಳುವ ಪ್ರಶ್ನೆ ಇದು. ಅಂಗಡಿಯವರನ್ನು ಕೇಳಿದರೆ ಹೊಸದು ತನ್ನಿ ಎನ್ನುತ್ತಾರೆ. ಮೆಕ್ಯಾನಿಕ್‌ನನ್ನು ಕೇಳಿದರೆ ಹಳೆಯ ಮೆಷಿನ್ನಿನಂಥ ಗಟ್ಟಿ ಮಾಲು ಈಗ ಬರುವುದಿಲ್ಲ ಎನ್ನುತ್ತಾನೆ. ಎರಡು ಮಾತಿನ ಹಿಂದೆಯೂ ಹೊಟ್ಟೆಪಾಡಿದೆ. ಕೇಳಿದವರು ಮಾತ್ರ ಇಪ್ಪತ್ತು ಮೂವತ್ತು ಸಾವಿರ ರೂಪಾಯಿಯ ತೀರ್ಮಾನವನ್ನು ಈ ಎರಡು ಮಾತುಗಳ ನಡುವೆ ನಿಂತು ತೆಗೆದುಕೊಳ್ಳಬೇಕು. ಅವರಿಗೆ ಅನ್ಯಾಯವಾಗಬಾರದು ಎಂಬ ಕಾಳಜಿಯಿಂದ ಇದನ್ನು ಬರೆಯುತ್ತಿದ್ದೇನೆ.

ನಾನು ಕೆಲಸ ಕಲಿತದ್ದು ಚಿತ್ರದುರ್ಗದ ಒಂದು ಮೋಟಾರ್ ವೈಂಡಿಂಗ್ ಅಂಗಡಿಯಲ್ಲಿ. ಪಂಪ್‌ಸೆಟ್, ಗ್ರೈಂಡರ್, ಮಿಕ್ಸಿ ಮುಗಿಸಿ ವಾಷಿಂಗ್ ಮೆಷಿನ್ನಿಗೆ ಬಂದೆ. ಮದುವೆಯಾದ ಮೇಲೆ ಸಾಗರಕ್ಕೆ ಬಂದು ಸ್ವಂತ ಅಂಗಡಿ ಹಾಕಿದೆ. ಒಂದು ಕಡೆ ಬೋರ್‌ವೆಲ್ಲಿನ ಗಡಸು ನೀರು, ಇನ್ನೊಂದು ಕಡೆ ಬಾವಿಯ ಮೆದು ನೀರು, ಧೋ ಎನ್ನುವ ಮಳೆ, ಸಿಡಿಲು. ಒಂದೇ ಕಂಪನಿಯ ಒಂದೇ ಮಾದರಿ ಈ ಎರಡು ಊರುಗಳಲ್ಲಿ ಎರಡು ಬಗೆಯಾಗಿ ಹಾಳಾಗುವುದನ್ನು ನೋಡಿದ್ದೇನೆ. ಹಾಗಾಗಿ ಯಾವ ಮೆಷಿನ್ ಒಳ್ಳೆಯದು ಎಂದು ಯಾರಾದರೂ ಕೇಳಿದರೆ, ನಿಮ್ಮ ಮನೆಗೆ ಎಂಥ ನೀರು ಬರುತ್ತದೆ ಎಂದು ಮೊದಲು ಕೇಳುತ್ತೇನೆ.

ಇಲ್ಲಿ ಹೇಳುತ್ತಿರುವುದು ಮೇಲಿನಿಂದ ಬಟ್ಟೆ ಹಾಕುವ, ತುಂಬುವುದರಿಂದ ಹಿಂಡುವವರೆಗೆ ಎಲ್ಲವನ್ನೂ ತಾನೇ ಮಾಡುವ ಟಾಪ್ ಲೋಡ್ ಮೆಷಿನ್ನಿನ ವಿಷಯ. ಎರಡು ತೊಟ್ಟಿಯ ಸೆಮಿ ಆಟೋಮ್ಯಾಟಿಕ್ ಬೇರೆ, ಮುಂದೆ ಗಾಜಿನ ಬಾಗಿಲಿರುವ ಫ್ರಂಟ್ ಲೋಡ್ ಬೇರೆ. ನಮ್ಮ ಟಾಪ್ ಲೋಡ್‌ಗಳ ತಳದಲ್ಲಿ ತಿರುಗುವ ತಟ್ಟೆಗೆ ಪಲ್ಸೇಟರ್ ಎನ್ನುತ್ತೇವೆ. ಅಮೆರಿಕದ ಹಳೆಯ ಮೆಷಿನ್‌ಗಳಲ್ಲಿ ಡ್ರಮ್ಮಿನ ನಡುವೆ ಅಜಿಟೇಟರ್ ಎಂಬ ಉದ್ದನೆಯ ಕಂಬ ನಿಂತಿರುತ್ತಿತ್ತು. ನಮಗೆ ಬಂದದ್ದು ಜಪಾನಿನ ದಾರಿ. ಹೂವರ್ ಕಂಪನಿ 1948ರಲ್ಲಿ ಬ್ರಿಟನ್ನಿನಲ್ಲಿ ತಂದ ಸಣ್ಣ ಮೆಷಿನ್ನಿನಲ್ಲಿ ಪಲ್ಸೇಟರ್ ತೊಟ್ಟಿಯ ಪಕ್ಕದ ಗೋಡೆಯಲ್ಲಿತ್ತು. ಜಪಾನಿನ ಸಾನ್ಯೋ 1953ರಲ್ಲಿ ಅದೇ ತತ್ತ್ವದ ಮೆಷಿನ್ನನ್ನು ಅಗ್ಗದಲ್ಲಿ ಮಾರುಕಟ್ಟೆಗೆ ತಂದಿತು. ಆಮೇಲೆ ಪಲ್ಸೇಟರ್ ತಳಕ್ಕೆ ಇಳಿಯಿತು. ಭಾರತದ ಮನೆಗಳಿಗೆ ಬಂದ ಟಾಪ್ ಲೋಡ್‌ಗಳಲ್ಲಿ ಹೆಚ್ಚಿನವು ಆ ವಂಶದವೇ.

ಹಳೆಯ ವಿನ್ಯಾಸವನ್ನು ಬಿಚ್ಚಿ ನೋಡೋಣ. ಮೆಷಿನ್ನನ್ನು ಒರಗಿಸಿ ತಳ ನೋಡಿದರೆ ಒಂದು ಬದಿಯಲ್ಲಿ ಇಂಡಕ್ಷನ್ ಮೋಟಾರ್, ನಡುವೆ ದೊಡ್ಡ ಪುಲ್ಲಿ, ಎರಡಕ್ಕೂ ಸುತ್ತಿದ ಒಂದು ಬೆಲ್ಟ್ ಕಾಣುತ್ತದೆ. ಮೋಟಾರ್ ನಿಮಿಷಕ್ಕೆ ಸುಮಾರು 1400 ಸುತ್ತು ತಿರುಗುತ್ತದೆ. ಅದಕ್ಕೆ ಗೊತ್ತಿರುವ ವೇಗ ಅದೊಂದೇ. ಬಟ್ಟೆ ಒಗೆಯಲು ಬೇಕಾದದ್ದು ನಿಧಾನದ ತಿರುವು, ಅದೂ ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ. ಹಿಂಡಲು ಬೇಕಾದದ್ದು ಜೋರಾದ ಒಂದೇ ದಿಕ್ಕಿನ ತಿರುವು. ಈ ಎರಡನ್ನೂ ಒಂದೇ ಮೋಟಾರಿನಿಂದ ಮಾಡಿಸಲು ಪುಲ್ಲಿಯ ಮೇಲೆ ಒಂದು ಗೇರ್‌ಬಾಕ್ಸ್ ಇರುತ್ತದೆ. ಒಗೆಯುವಾಗ ಒಳಗಿನ ಹಲ್ಲುಚಕ್ರಗಳು ವೇಗವನ್ನು ತಗ್ಗಿಸಿ ಪಲ್ಸೇಟರನ್ನು ಮಾತ್ರ ತಿರುಗಿಸುತ್ತವೆ, ಬ್ರೇಕ್ ಡ್ರಮ್ಮನ್ನು ಹಿಡಿದುಕೊಂಡಿರುತ್ತದೆ. ಹಿಂಡುವಾಗ ಬ್ರೇಕ್ ಬಿಟ್ಟು, ಕ್ಲಚ್ ಡ್ರಮ್ಮನ್ನೂ ಪಲ್ಸೇಟರನ್ನೂ ಒಂದಾಗಿ ಹಿಡಿಯುತ್ತದೆ.

ಈ ಬದಲಾವಣೆ ಮಾಡಿಸುವುದು ಡ್ರೈನ್ ಮೋಟಾರ್ ಎಂಬ ಅಂಗೈಯಗಲದ ಪೆಟ್ಟಿಗೆ. ಅದು ಒಂದು ತಂತಿಯನ್ನು ಎಳೆಯುತ್ತದೆ. ಆ ಒಂದೇ ಎಳೆತಕ್ಕೆ ನೀರು ಹೊರಬಿಡುವ ವಾಲ್ವ್ ತೆರೆದುಕೊಳ್ಳುತ್ತದೆ, ಬ್ರೇಕ್ ಸಡಿಲವಾಗುತ್ತದೆ, ಕ್ಲಚ್ ಕೂರುತ್ತದೆ. ಹೀಗಾಗಿ ‘ನೀರೂ ಹೋಗ್ತಿಲ್ಲ, ಹಿಂಡ್ತಾನೂ ಇಲ್ಲ’ ಎಂದು ಫೋನ್ ಬಂದರೆ ನನ್ನ ಅನುಮಾನ ಮೊದಲು ಹೋಗುವುದು ಈ ಪೆಟ್ಟಿಗೆಯ ಮೇಲೆ. ‘ಗುಂಯ್ ಅನ್ನುತ್ತೆ, ತಿರುಗಲ್ಲ’ ಎಂದರೆ ಕೆಪಾಸಿಟರ್ ಸತ್ತಿರುವ ಸಾಧ್ಯತೆ ಹೆಚ್ಚು. ‘ಬಟ್ಟೆ ತುಂಬಿದರೆ ನಿಲ್ಲುತ್ತೆ, ಖಾಲಿ ಇದ್ದರೆ ತಿರುಗುತ್ತೆ’ ಎಂದರೆ ಬೆಲ್ಟ್ ಜಾರುತ್ತಿದೆ. ಸದ್ದು ಕೇಳಿಯೇ ರೋಗ ಹೇಳಬಹುದಾದ ಮೆಷಿನ್ ಅದು. ಬೆಲ್ಟಿಗೂ ಕೆಪಾಸಿಟರಿಗೂ ನೂರರ ಲೆಕ್ಕ, ಗೇರ್‌ಬಾಕ್ಸಿಗೆ ಮಾತ್ರ ಸಾವಿರದ ಲೆಕ್ಕ. ಯಾವ ಪೇಟೆಯಲ್ಲಾದರೂ ಈ ಬಿಡಿಭಾಗಗಳು ಸಿಗುತ್ತವೆ.

ಹೊಸ ವಿನ್ಯಾಸದಲ್ಲಿ ಈ ಬೆಲ್ಟೂ ಇಲ್ಲ, ಪುಲ್ಲಿಯೂ ಇಲ್ಲ. ಊಟದ ತಟ್ಟೆಯಷ್ಟು ಅಗಲದ ಚಪ್ಪಟೆ ಮೋಟಾರನ್ನು ಡ್ರಮ್ಮಿನ ನೇರ ಕೆಳಗೆ ಕೂರಿಸಿದ್ದಾರೆ. ಸುತ್ತಲೂ ಶಾಶ್ವತ ಅಯಸ್ಕಾಂತ ಅಂಟಿಸಿದ ಬಟ್ಟಲು ಹೊರಗೆ ತಿರುಗುತ್ತದೆ, ಒಳಗೆ ತಾಮ್ರದ ಸುರುಳಿಗಳು ನಿಂತಿರುತ್ತವೆ. ಯಾವ ಸುರುಳಿಗೆ ಯಾವ ಕ್ಷಣದಲ್ಲಿ ಕರೆಂಟ್ ಕೊಡಬೇಕು ಎಂಬುದನ್ನು ಎಲೆಕ್ಟ್ರಾನಿಕ್ ಬೋರ್ಡ್ ತೀರ್ಮಾನಿಸುತ್ತದೆ. ಎಷ್ಟು ವೇಗ ಬೇಕೋ ಅಷ್ಟು, ಯಾವ ದಿಕ್ಕು ಬೇಕೋ ಆ ದಿಕ್ಕು. ಇದಕ್ಕೆ ಡೈರೆಕ್ಟ್ ಡ್ರೈವ್ ಎನ್ನುತ್ತಾರೆ. ನ್ಯೂಜಿಲೆಂಡಿನ ಫಿಶರ್ ಅಂಡ್ ಪೇಕೆಲ್ ಕಂಪನಿ ಇಂಥ ಮೆಷಿನ್ನನ್ನು 1991ರಲ್ಲಿ ಮಾರಾಟಕ್ಕೆ ಬಿಟ್ಟಿತು. ಅದರ ಕ್ಲಚ್ಚಿನ ಉಪಾಯ ನನಗೆ ಬಹಳ ಇಷ್ಟ. ನೀರು ತುಂಬಿದಾಗ ಡ್ರಮ್ ತೇಲಿ ಸ್ವಲ್ಪ ಮೇಲೇಳುತ್ತದೆ, ಮೋಟಾರಿನ ಹಿಡಿತದಿಂದ ಬಿಡಿಸಿಕೊಳ್ಳುತ್ತದೆ. ಆಗ ನಡುವಿನ ಅಜಿಟೇಟರ್ ಮಾತ್ರ ತಿರುಗುತ್ತದೆ. ನೀರು ಹೋದಾಗ ಡ್ರಮ್ ತಾನಾಗಿ ಕೆಳಗಿಳಿದು ಹಲ್ಲಿಗೆ ಹಲ್ಲು ಕೂಡಿಕೊಳ್ಳುತ್ತದೆ. ತೇಲುವ ಗುಣವನ್ನೇ ಕ್ಲಚ್ ಮಾಡಿಕೊಂಡ ಎಂಜಿನಿಯರಿಗೆ ನಮಸ್ಕಾರ ಹೇಳಬೇಕು. ನಮ್ಮಲ್ಲಿ ಸಿಗುವ ಹಲವು ಮಾದರಿಗಳಲ್ಲಿ ಸಣ್ಣದೊಂದು ಜಾರುವ ಕ್ಲಚ್ ಉಳಿದಿದೆ, ಆದರೆ ಹಳೆಯ ಗೇರ್‌ಬಾಕ್ಸಿನ ಗೋಜಲಿಲ್ಲ.

ಇಲ್ಲಿ ಒಂದು ಎಚ್ಚರಿಕೆ. ಅಂಗಡಿಯಲ್ಲಿ ‘ಇನ್ವರ್ಟರ್’ ಎಂದು ಅಂಟಿಸಿದ ಮಾತ್ರಕ್ಕೆ ಬೆಲ್ಟ್ ಇಲ್ಲ ಎಂದು ತಿಳಿಯಬೇಡಿ. ಬೋರ್ಡಿನಿಂದ ವೇಗ ಬದಲಿಸುವ ಮೋಟಾರನ್ನೇ ಬೆಲ್ಟಿಗೆ ಜೋಡಿಸಿದ ಮೆಷಿನ್‌ಗಳೂ ಇವೆ. ಅವು ಕೆಟ್ಟವಲ್ಲ, ಆದರೆ ಡೈರೆಕ್ಟ್ ಡ್ರೈವ್‌ನ ಬೆಲೆ ಕೊಟ್ಟು ಅದನ್ನು ತರಬಾರದು. ನೇರವಾಗಿ ‘ಬೆಲ್ಟ್ ಇದೆಯಾ?’ ಎಂದು ಕೇಳಿ.

ಈ ಎರಡನ್ನೂ ಹೋಲಿಸಿ ನೋಡಲು ನನಗೆ ಒಳ್ಳೆಯ ಅವಕಾಶ ಸಿಕ್ಕಿದ್ದು ಸಾಗರದ ಹತ್ತಿರದ ಒಂದು ಅಡಿಕೆ ತೋಟದ ಮನೆಯಲ್ಲಿ. ಬೆಂಗಳೂರಿನಲ್ಲಿರುವ ಮಗ ಡೈರೆಕ್ಟ್ ಡ್ರೈವ್ ಮೆಷಿನ್ ಕಳಿಸಿದ್ದ. ತಾಯಿಗೆ ಹಳೆಯ ಬೆಲ್ಟ್ ಮೆಷಿನ್ನನ್ನು ಹೊರಗೆ ಹಾಕಲು ಮನಸ್ಸಿಲ್ಲ. ಬಚ್ಚಲಿನ ಪಕ್ಕದ ಜಗಲಿಯಲ್ಲಿ ಎರಡೂ ಅಕ್ಕಪಕ್ಕ ಕೂತಿದ್ದವು.

‘ತಮ್ಮಾ, ಇದು ತಿರುಗ್ತಾ ಇದೆಯೋ ಇಲ್ಲವೋ ಅಂತಲೇ ಗೊತ್ತಾಗೂದಿಲ್ಲ. ಸದ್ದೇ ಇಲ್ಲ. ಬಟ್ಟೆ ನಿಜಕ್ಕೂ ಶುಭ್ರ ಆಗ್ತದಾ?’ ಎಂದರು ಅಮ್ಮ.

‘ನೋಡೇ ಬಿಡೋಣ ಅಮ್ಮಾ’ ಎಂದೆ.

ಪ್ರಯೋಗಾಲಯಗಳಲ್ಲಿ ಇದನ್ನು ನೋಡುವ ಕ್ರಮ ಹೀಗಿದೆ. ಐಇಸಿ 60456 ಎಂಬ ಅಂತಾರಾಷ್ಟ್ರೀಯ ಮಾನದಂಡದ ಪ್ರಕಾರ, ಕೋಕೋ, ರಕ್ತ, ಕೆಂಪು ವೈನ್, ಮೈಜಿಡ್ಡು, ಮಸಿ ಬೆರೆತ ಎಣ್ಣೆಯ ಕಲೆ ಹಾಕಿದ ಬಟ್ಟೆಪಟ್ಟಿಗಳನ್ನು ಉಳಿದ ಬಟ್ಟೆಗಳ ಜೊತೆ ಒಗೆಯುತ್ತಾರೆ. ಒಗೆದ ಮೇಲೆ ಪಟ್ಟಿ ಎಷ್ಟು ಬೆಳಕನ್ನು ಹಿಂದಕ್ಕೆ ಕೊಡುತ್ತದೆ ಎಂದು ಉಪಕರಣದಿಂದ ಅಳೆಯುತ್ತಾರೆ. ಅಂಥದೇ ಪಟ್ಟಿಗಳನ್ನು ಒಂದು ಮಾನಕ ಮೆಷಿನ್ನಿನಲ್ಲೂ ಒಗೆದು ಎರಡರ ಅನುಪಾತ ತೆಗೆಯುತ್ತಾರೆ. ಬರೀ ‘ಚೆನ್ನಾಗಿ ಒಗೆಯುತ್ತೆ’ ಎನ್ನುವುದಕ್ಕಿಂತ ಇದು ಎಷ್ಟೋ ಮೇಲು. ಆದರೆ ಮಲೆನಾಡಿನ ಮನೆಯ ಕಲೆಗಳು ಬೇರೆ. ಹಳೆಯ ಬಿಳಿ ಪಂಚೆಯೊಂದನ್ನು ಹರಿದು ತುಂಡು ಮಾಡಿದೆವು. ಕಾಫಿ, ಅರಿಶಿನ ಹಾಕಿದ ಸಾರು, ತೋಟದ ಕೆಂಪು ಮಣ್ಣು, ತೆಂಗಿನೆಣ್ಣೆ, ಅಡಿಕೆ ಚೊಗರು ಇಷ್ಟನ್ನೂ ಹಚ್ಚಿ ಒಣಗಿಸಿದೆವು. ಎರಡು ಮೆಷಿನ್ನಿಗೂ ತೂಕ ಮಾಡಿ ಸಮನಾದ ಬಟ್ಟೆ, ಅಳತೆ ಮಾಡಿ ಸಮನಾದ ಸೋಪಿನ ಪುಡಿ ಹಾಕಿದೆವು. ಅಡಿಕೆ ತೂಗುವ ತಕ್ಕಡಿ ಮನೆಯಲ್ಲೇ ಇತ್ತು. ಹೊರಬರುವ ನೀರನ್ನು ಬಕೆಟ್ಟಿಗೆ ಹಿಡಿದು ಅಳೆದೆವು.

ಕಾಫಿ ಕಲೆ ಎರಡರಲ್ಲೂ ಹೋಯಿತು. ತೆಂಗಿನೆಣ್ಣೆ ಎರಡರಲ್ಲೂ ಒಂದಿಷ್ಟು ಉಳಿಯಿತು, ತಣ್ಣೀರಿನಲ್ಲಿ ಅದು ಸಹಜ. ಅರಿಶಿನದ ಕಲೆ ಎರಡರಲ್ಲೂ ಕೆಂಪಾಗಿ ಹೊರಬಂತು. ಸೋಪಿನ ಕ್ಷಾರ ತಗುಲಿದರೆ ಅರಿಶಿನ ಕೆಂಪಾಗುತ್ತದೆ. ಬಿಸಿಲಿಗೆ ಹಾಕಿದ ಮೇಲೆ ತಾನಾಗಿ ಮಾಸಿತು. ಅದನ್ನು ತೆಗೆದದ್ದು ಬಿಸಿಲೇ, ಮೆಷಿನ್ ಅಲ್ಲ. ಚೊಗರಿನ ಕಲೆ ಯಾವುದಕ್ಕೂ ಬಗ್ಗಲಿಲ್ಲ. ಅಡಿಕೆ ಸುಲಿಯುವವರ ಮನೆಯಲ್ಲಿ ಆ ಕಲೆಯ ಬಟ್ಟೆಯನ್ನು ಬೇರೆಯೇ ಇಡುವುದು ಸುಮ್ಮನೆ ಬಂದ ಪದ್ಧತಿಯಲ್ಲ.

ವ್ಯತ್ಯಾಸ ಕಂಡದ್ದು ಕೆಂಪು ಮಣ್ಣಿನಲ್ಲಿ. ಹೊಸ ಮೆಷಿನ್ನನ್ನು ಅದರ ಪಾಡಿಗೆ ಬಿಟ್ಟಾಗ ಬಟ್ಟೆಯ ಮಡಿಕೆಯಲ್ಲಿ ಮಣ್ಣಿನ ನವಿರಾದ ಗೆರೆ ಉಳಿದಿತ್ತು. ಹಳೆಯದರಲ್ಲಿ ಉಳಿದಿರಲಿಲ್ಲ. ಬಕೆಟ್ಟಿನ ಲೆಕ್ಕ ನೋಡಿದಾಗ ಕಾರಣ ಗೊತ್ತಾಯಿತು. ಹೊಸದು ಪ್ರತಿ ಸಲವೂ ಕಡಿಮೆ ನೀರು ತುಂಬಿಸಿಕೊಂಡಿತ್ತು. ಅದೇ ಮೆಷಿನ್ನಿನಲ್ಲಿ ನೀರಿನ ಮಟ್ಟವನ್ನು ನಾವೇ ಮೇಲಕ್ಕೇರಿಸಿ ಮತ್ತೆ ಒಗೆದಾಗ ಮಣ್ಣು ಪೂರ್ತಿ ಹೋಯಿತು. ಅಲ್ಲಿಗೆ ಮೋಟಾರಿನಲ್ಲಿ ಐಬಿಲ್ಲ ಎಂದಾಯಿತು, ದೋಷವಿದ್ದದ್ದು ನೀರನ್ನು ಲೆಕ್ಕ ಹಾಕುವ ಕ್ರಮದಲ್ಲಿ.

ಆ ಲೆಕ್ಕ ಹೇಗೆ ನಡೆಯುತ್ತದೆ ಎಂದು ಗೊತ್ತಿದ್ದರೆ ಅರ್ಧ ದೂರು ಕಡಿಮೆಯಾಗುತ್ತದೆ. ಸ್ಟಾರ್ಟ್ ಒತ್ತಿದ ಕೂಡಲೇ, ನೀರು ಬರುವ ಮೊದಲೇ, ಪಲ್ಸೇಟರ್ ಎರಡು ಮೂರು ಸಲ ಅಲುಗಾಡುತ್ತದೆ. ಆಗ ಮೋಟಾರಿಗೆ ಎಷ್ಟು ಭಾರ ಅನ್ನಿಸಿತು ಎಂಬುದರ ಮೇಲೆ ಬಟ್ಟೆ ಎಷ್ಟಿದೆ ಎಂದು ಬೋರ್ಡ್ ಊಹಿಸುತ್ತದೆ. ಈ ಊಹೆ ಒಣಬಟ್ಟೆಗೆ ಮಾಡಿದ್ದು. ನಮ್ಮಲ್ಲಿ ಬಹಳ ಮನೆಗಳಲ್ಲಿ ಬಟ್ಟೆಯನ್ನು ರಾತ್ರಿಯೇ ಬಕೆಟ್ಟಿನಲ್ಲಿ ಸೋಪು ಹಾಕಿ ನೆನೆಸಿ, ಬೆಳಿಗ್ಗೆ ಒದ್ದೆಯಾಗಿಯೇ ಮೆಷಿನ್ನಿಗೆ ಹಾಕುತ್ತಾರೆ. ಆಗ ಲೆಕ್ಕ ತಪ್ಪುತ್ತದೆ. ಹಗುರವಾದ ಆದರೆ ಜಾಗ ತುಂಬುವ ಸಿಂಥೆಟಿಕ್ ಸೀರೆ, ನೈಟಿಗಳನ್ನು ಹಾಕಿದಾಗಲೂ ತಪ್ಪುತ್ತದೆ. ಭಾರ ಕಡಿಮೆ ಎಂದು ನೀರನ್ನೂ ಕಡಿಮೆ ತುಂಬಿಸಿಕೊಂಡು ಬಟ್ಟೆಯನ್ನು ಉಜ್ಜುತ್ತಾ ಕೂರುತ್ತದೆ. ಆದ್ದರಿಂದ ನೀರಿನ ಮಟ್ಟವನ್ನು ಕೈಯಿಂದ ಆರಿಸುವ ಬಟನ್ ಇಲ್ಲದ ಟಾಪ್ ಲೋಡ್ ಮೆಷಿನ್ನನ್ನು ಯಾರಿಗೂ ನಾನು ಶಿಫಾರಸು ಮಾಡುವುದಿಲ್ಲ. ಎಷ್ಟೇ ಹೊಸದಾಗಿರಲಿ, ಎಷ್ಟೇ ನಕ್ಷತ್ರ ಇರಲಿ.

ನೀರು ಉಳಿಸುವ ಹಟದಲ್ಲಿ ವಿನ್ಯಾಸ ಬದಲಿಸಿ ಗ್ರಾಹಕರ ಬೇಸರ ಕಟ್ಟಿಕೊಂಡ ಉದಾಹರಣೆ ಅಮೆರಿಕದಲ್ಲೂ ಇದೆ. ಅಲ್ಲಿನ ಇಂಧನ ಇಲಾಖೆ ಟಾಪ್ ಲೋಡ್‌ಗಳ ನೀರು, ವಿದ್ಯುತ್ ಮಿತಿಯನ್ನು 2018ರ ಜನವರಿಯಿಂದ ಇನ್ನಷ್ಟು ಬಿಗಿ ಮಾಡಿತು. ವಿಸ್ಕಾನ್ಸಿನ್ ರಾಜ್ಯದ ರಿಪನ್ ಊರಿನ ಸ್ಪೀಡ್ ಕ್ವೀನ್ ಕಂಪನಿ, ಗಟ್ಟಿಮುಟ್ಟಾದ ಹಳೆಯ ಕಾಲದ ಮೆಷಿನ್‌ಗಳಿಗೆ ಹೆಸರಾದದ್ದು, ಅದೇ ವರ್ಷ ತನ್ನ ವಿನ್ಯಾಸ ಬದಲಿಸಿತು. ಹೊಸದರಲ್ಲಿ ನಡುವಿನ ಕಂಬವೂ ಡ್ರಮ್ಮೂ ಒಟ್ಟಿಗೇ ಅಲುಗಾಡುತ್ತಿದ್ದವು. ಬಟ್ಟೆ ಮೇಲೆ ಕೆಳಗೆ ಹೊರಳುವುದು ಕಾಣುವುದಿಲ್ಲ ಎಂದು ಹಳೆಯ ಗ್ರಾಹಕರಲ್ಲಿ ಅನೇಕರು ಒಪ್ಪಲಿಲ್ಲ. ಸ್ವಲ್ಪ ಕಾಲದಲ್ಲೇ ಕಂಪನಿ ಹಳೆಯ ಬಗೆಯ ಅಜಿಟೇಟರ್ ಇರುವ ಮಾದರಿಯನ್ನು ಟಿಸಿ5 ಎಂಬ ಹೆಸರಿನಲ್ಲಿ ಮತ್ತೆ ಮಾರಲು ಶುರು ಮಾಡಿತು. ನಮ್ಮ ಗ್ರಾಹಕರೂ ಹೀಗೆ ಗಟ್ಟಿಯಾಗಿ ಕೇಳಿದರೆ ಕಂಪನಿಗಳು ಕೇಳಿಸಿಕೊಳ್ಳುತ್ತವೆ ಎಂಬ ನಂಬಿಕೆ ನನಗಿದೆ.

ತೋಟದ ಮನೆಯಲ್ಲಿ ಹೊಸ ಮೆಷಿನ್ ಹಳೆಯದನ್ನು ಸ್ಪಷ್ಟವಾಗಿ ಸೋಲಿಸಿದ್ದು ಹಿಂಡುವುದರಲ್ಲಿ. ಹಿಂಡಿದ ಬಟ್ಟೆಯನ್ನು ತಕ್ಕಡಿಗೆ ಹಾಕಿದರೆ ಹೊಸದರಿಂದ ಬಂದದ್ದು ಸುಮಾರು ಅರ್ಧ ಕಿಲೋ ಹಗುರ. ಅರ್ಧ ಲೀಟರ್ ನೀರು ಹೆಚ್ಚು ಹೋಗಿದೆ ಎಂದರ್ಥ. ಬಯಲುಸೀಮೆಯವರಿಗೆ ಇದು ಲೆಕ್ಕಕ್ಕಿಲ್ಲದ ವಿಷಯ, ಬಿಸಿಲಿಗೆ ಹಾಕಿದರೆ ಗಂಟೆಯಲ್ಲಿ ಒಣಗುತ್ತದೆ. ಆದರೆ ಜುಲೈ ತಿಂಗಳಲ್ಲಿ ಸಾಗರ, ಹೊಸನಗರ, ತೀರ್ಥಹಳ್ಳಿಯ ಮನೆಗಳಲ್ಲಿ ಬಚ್ಚಲ ಒಲೆಯ ಮೇಲೆ, ಅಟ್ಟದ ಹಗ್ಗದ ಮೇಲೆ ಬಟ್ಟೆ ಒಣಹಾಕಿ ಮುಗ್ಗಲು ವಾಸನೆಯ ಜೊತೆ ಹೋರಾಡುವವರಿಗೆ ಆ ಅರ್ಧ ಲೀಟರಿನ ಬೆಲೆ ಗೊತ್ತು.

ಹಿಂಡುವ ಬಲದ ಲೆಕ್ಕ ಸರಳ. ಅರ್ಧ ಮೀಟರ್ ಅಗಲದ ಡ್ರಮ್ ನಿಮಿಷಕ್ಕೆ 700 ಸುತ್ತು ತಿರುಗಿದರೆ, ಅದರ ಗೋಡೆಗೆ ಒತ್ತಿಕೊಂಡ ಬಟ್ಟೆಯ ಮೇಲೆ ಗುರುತ್ವದ 130 ಪಟ್ಟಿಗಿಂತ ಹೆಚ್ಚು ಬಲ ಬೀಳುತ್ತದೆ. ವೇಗ ಹೆಚ್ಚಿದರೆ ಬಲ ಅದರ ವರ್ಗದ ಲೆಕ್ಕದಲ್ಲಿ ಹೆಚ್ಚುತ್ತದೆ. 600 ಸುತ್ತಿನಿಂದ 700ಕ್ಕೆ ಹೋದರೆ ಬಲ ಮೂರನೇ ಒಂದು ಪಾಲಿಗೂ ಮೀರಿ ಏರುತ್ತದೆ. ಹಳೆಯ ಮೆಷಿನ್ನಿನ ಪುಸ್ತಕದಲ್ಲೂ ಒಳ್ಳೆಯ ವೇಗವನ್ನೇ ಬರೆದಿರುತ್ತಾರೆ. ಬೆಲ್ಟ್ ಸಡಿಲವಾದ ಮೇಲೆ, ವೋಲ್ಟೇಜ್ ಇಳಿದ ಸಂಜೆಯ ಹೊತ್ತಿನಲ್ಲಿ ಆ ವೇಗ ಡ್ರಮ್ಮಿಗೆ ತಲುಪುವುದಿಲ್ಲ. ಡೈರೆಕ್ಟ್ ಡ್ರೈವ್‌ನಲ್ಲಿ ಜಾರಲು ಬೆಲ್ಟೇ ಇಲ್ಲ. ವೇಗ ಕಡಿಮೆಯಾದರೆ ಬೋರ್ಡಿಗೆ ತಿಳಿಯುತ್ತದೆ, ಅದು ಸರಿಪಡಿಸುತ್ತದೆ.

ಹಿಂಡುವಾಗ ಬಟ್ಟೆಯೆಲ್ಲ ಒಂದೇ ಕಡೆ ಗಂಟಾಗಿ ಕೂತರೆ ಏನಾಗುತ್ತದೆ ಎಂಬುದರಲ್ಲೂ ಇವೆರಡೂ ಬೇರೆ. ಹಳೆಯದು ದಬದಬ ಎಂದು ಬಡಿದುಕೊಂಡು ನಿಂತುಬಿಡುತ್ತದೆ, ಯಾರಾದರೂ ಹೋಗಿ ಸರಿಮಾಡಬೇಕು. ಹೊಸದು ನಿಧಾನವಾಗಿ ವೇಗ ಏರಿಸುತ್ತಾ ಅಲುಗಾಟ ಗಮನಿಸುತ್ತದೆ. ಸರಿ ಇಲ್ಲ ಎನಿಸಿದರೆ ಮತ್ತೆ ನೀರು ತುಂಬಿಸಿ ಬಟ್ಟೆ ಹರಡಿ ಇನ್ನೊಮ್ಮೆ ಯತ್ನಿಸುತ್ತದೆ. ಕೇಳಲು ಇದು ಜಾಣತನ. ಆದರೆ ದಪ್ಪ ಹೊದಿಕೆಯೊಂದನ್ನೇ ಹಾಕಿಟ್ಟು ತೋಟಕ್ಕೆ ಹೋದರೆ, ಉಳಿಸಬೇಕಾಗಿದ್ದ ನೀರೆಲ್ಲ ಅಲ್ಲೇ ಖರ್ಚಾಗಿರುತ್ತದೆ. ಹೊದಿಕೆಯ ಜೊತೆ ಎದುರು ಬದಿಗೆ ಒಂದೆರಡು ಟವೆಲ್ ಹಾಕಿ, ತೂಕ ಸಮವಾಗುತ್ತದೆ.

ಕರೆಂಟಿನ ಉಳಿತಾಯದ ಬಗ್ಗೆ ಅಂಗಡಿಯಲ್ಲಿ ಹೇಳುವುದು ಹೆಚ್ಚು, ಸಿಗುವುದು ಕಡಿಮೆ. ತಣ್ಣೀರಿನಲ್ಲಿ ಒಗೆಯುವ ಟಾಪ್ ಲೋಡ್ ಮೆಷಿನ್ ಮೊದಲೇ ಹೆಚ್ಚು ಕರೆಂಟ್ ತಿನ್ನುವುದಿಲ್ಲ. ಹಳೆಯದಾದರೂ ಒಂದು ಸಲಕ್ಕೆ ಯೂನಿಟ್ಟಿನ ಸಣ್ಣ ಪಾಲು ಅಷ್ಟೇ. ಹೊಸದು ಅದರಲ್ಲಿ ಅರ್ಧ ಉಳಿಸಿದರೂ ತಿಂಗಳ ಬಿಲ್ಲಿನಲ್ಲಿ ಅದನ್ನು ಹುಡುಕಬೇಕು. ಆದರೆ ಈಗಿನ ಕೆಲವು ಟಾಪ್ ಲೋಡ್‌ಗಳಲ್ಲಿ ನೀರು ಕಾಯಿಸುವ ಹೀಟರ್ ಇದೆ. 40 ಲೀಟರ್ ನೀರನ್ನು 25 ಡಿಗ್ರಿಯಿಂದ 60 ಡಿಗ್ರಿಗೆ ಕಾಯಿಸಲು ಸುಮಾರು 1.6 ಯೂನಿಟ್ ಬೇಕು. ಮೋಟಾರ್ ಎಷ್ಟೇ ಉಳಿಸಲಿ, ಹೀಟರ್ ಒಂದು ಸಲಕ್ಕೇ ಅದನ್ನು ನುಂಗುತ್ತದೆ. ಪುಟ್ಟ ಮಗುವಿರುವ ಮನೆಗೆ, ಹಾಸಿಗೆ ಹಿಡಿದ ಹಿರಿಯರಿರುವ ಮನೆಗೆ ಹೀಟರ್ ಉಪಯುಕ್ತ. ಉಳಿದವರು ಅದಕ್ಕೆ ಹೆಚ್ಚಿನ ಹಣ ಕೊಡಬೇಕಾಗಿಲ್ಲ. ಮಲೆನಾಡಿನಲ್ಲಿ ಬಚ್ಚಲ ಹಂಡೆಯ ಬಿಸಿನೀರನ್ನೇ ಹದಮಾಡಿ ಹಾಕಿಕೊಳ್ಳುವವರಿದ್ದಾರೆ. ಬೆಚ್ಚಗಿದ್ದರೆ ಸಾಕು, ಕುದಿಯುವ ನೀರು ಹಾಕಿದರೆ ಪ್ಲಾಸ್ಟಿಕ್ ತೊಟ್ಟಿ, ರಬ್ಬರ್ ಸೀಲು ಹಾಳಾಗುತ್ತವೆ.

ನೀರಿನ ಒತ್ತಡದ ವಿಷಯವನ್ನು ಕೊಳ್ಳುವ ಮೊದಲೇ ನೋಡಬೇಕು. ಮೆಷಿನ್ನಿನ ಇನ್ಲೆಟ್ ವಾಲ್ವ್ ಸರಿಯಾಗಿ ಕೆಲಸ ಮಾಡಲು 0.3 ಬಾರ್ ಒತ್ತಡ ಬೇಕು ಎಂದು ಕಂಪನಿಯ ಪುಸ್ತಕದಲ್ಲಿ ಬರೆದಿದ್ದರೆ, ಟ್ಯಾಂಕಿನ ನೀರಿನ ಮಟ್ಟ ಮೆಷಿನ್ನಿನ ನಲ್ಲಿಗಿಂತ ಸುಮಾರು ಮೂರು ಮೀಟರ್ ಮೇಲಿರಬೇಕು ಎಂದರ್ಥ. ಒಂದೇ ಅಂತಸ್ತಿನ ಮನೆಯ ಚಾವಣಿಯ ಮೇಲೆ ನೆಲಕ್ಕೇ ಕೂರಿಸಿದ ಟ್ಯಾಂಕಿಗೆ ಅಷ್ಟು ಎತ್ತರ ದಕ್ಕುವುದು ಕಷ್ಟ. ಕಡಿಮೆ ಒತ್ತಡಕ್ಕೂ ತೆರೆಯುವ ವಾಲ್ವ್ ಇರುವ ಮಾದರಿಗಳು ಈಗ ಬಂದಿವೆ. ಇದು ಹೊಸ ವಿನ್ಯಾಸಗಳ ನಿಜವಾದ ಉಪಕಾರ, ಆದರೆ ಜಾಹೀರಾತಿನಲ್ಲಿ ಇದಕ್ಕೆ ಸಿಗುವ ಜಾಗ ಕಡಿಮೆ.

ಗಡಸು ನೀರಿಗೆ ಮಾತ್ರ ಹಳೆಯದು ಹೊಸದು ಎಂಬ ಭೇದವಿಲ್ಲ. ಚಿತ್ರದುರ್ಗದಲ್ಲಿ ನಾನು ಹೊರತೆಗೆದ ಡ್ರಮ್‌ಗಳ ಹೊರಮೈ ಸುಣ್ಣ ಬಳಿದ ಗೋಡೆಯ ಹಾಗೆ ಇರುತ್ತಿತ್ತು. ಒಳಗೆ ಫಳಫಳ ಹೊಳೆಯುವ ಸ್ಟೀಲ್, ಹೊರಗೆ ಗರಣೆಗಟ್ಟಿದ ಬಿಳಿ ಪದರ. ಅದರೊಳಗೆ ಸೋಪು, ನೂಲು, ಕೂದಲು. ಸಾಗರದ ಮೆದು ನೀರಿನಲ್ಲಿ ಆ ಬಿಳಿ ಪದರವಿಲ್ಲ, ಬದಲಿಗೆ ಕಪ್ಪು ಲೋಳೆ ಕಟ್ಟುತ್ತದೆ. ಸದಾ ತೇವ, ಸದಾ ಮುಚ್ಚಿದ ಮುಚ್ಚಳ. ಹೊಸ ಮೆಷಿನ್‌ಗಳಲ್ಲಿ ಟಬ್ ಕ್ಲೀನ್ ಎಂಬ ಬಟನ್ ಇದೆ, ಅದನ್ನು ಒತ್ತಬೇಕು. ಆದರೆ ಅದಕ್ಕಿಂತ ಮುಖ್ಯ, ಪಲ್ಸೇಟರ್ ಬಿಚ್ಚಿ ಅಡಿಯನ್ನು ತೊಳೆಯುವುದು. ಹೆಚ್ಚಿನ ಮೆಷಿನ್‌ಗಳಲ್ಲಿ ನಡುವಿನ ಮುಚ್ಚಳ ಎಬ್ಬಿಸಿದರೆ ಒಂದೇ ಸ್ಕ್ರೂ. ಅದರಡಿ ಸಿಗದ ವಸ್ತುವಿಲ್ಲ: ಪಿನ್ನು, ನಾಣ್ಯ, ಗುಂಡಿ, ಅಡಿಕೆ ಚೂರು. ಬಟ್ಟೆ ವಾಸನೆ ಬರುತ್ತಿದೆ ಎಂದು ಮೆಷಿನ್ನನ್ನೇ ಬದಲಿಸಿದವರನ್ನು ನೋಡಿದ್ದೇನೆ, ಬೇಕಾಗಿದ್ದದ್ದು ಒಂದು ಸ್ಕ್ರೂಡ್ರೈವರ್, ಒಂದು ಹಳೆಯ ಬ್ರಷ್. ಬಿಚ್ಚುವ ಮೊದಲು ಪ್ಲಗ್ ತೆಗೆಯಬೇಕು, ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ.

ಈಗ ಹೊಸ ವಿನ್ಯಾಸದ ಬಗ್ಗೆ ನನ್ನ ದೊಡ್ಡ ತಕರಾರು. ಬೆಲ್ಟು, ಗೇರ್‌ಬಾಕ್ಸು, ಕೆಪಾಸಿಟರ್ ಮಾಡುತ್ತಿದ್ದ ಕೆಲಸವನ್ನೆಲ್ಲ ಬೋರ್ಡಿನ ತಲೆಗೆ ಕಟ್ಟಿದ್ದಾರೆ. ಮನೆಗೆ ಬರುವ 230 ವೋಲ್ಟಿನ ಎಸಿಯನ್ನು ಅದು ಮುನ್ನೂರಕ್ಕೂ ಹೆಚ್ಚು ವೋಲ್ಟಿನ ಡಿಸಿ ಮಾಡಿ, ಅದನ್ನು ಮತ್ತೆ ಕತ್ತರಿಸಿ ಮೂರು ದಾರಿಯಲ್ಲಿ ಮೋಟಾರಿಗೆ ಕಳಿಸುತ್ತದೆ. ಹಳೆಯ ಫುಲ್ಲಿ ಆಟೋಮ್ಯಾಟಿಕ್‌ಗಳಲ್ಲೂ ಬೋರ್ಡ್ ಇತ್ತು, ಆದರೆ ಅದು ಹೆಚ್ಚುಕಡಿಮೆ ಸ್ವಿಚ್ ಹಾಕಿ ತೆಗೆಯುವ ಕೆಲಸ ಮಾಡುತ್ತಿತ್ತು. ಈಗ ಮೋಟಾರಿಗೆ ಹೋಗುವ ಇಡೀ ಶಕ್ತಿ ಅದರ ಮೂಲಕವೇ ಹೋಗಬೇಕು. ತೇವ ತಾಗಬಾರದೆಂದು ಬೋರ್ಡಿನ ಮೇಲೆ ರಾಳದಂಥ ಪದರ ಸುರಿದಿರುತ್ತಾರೆ. ತೇವಕ್ಕೆ ಅದು ಒಳ್ಳೆಯ ಕವಚ. ಆದರೆ ಒಳಗೆ ಸುಟ್ಟುಹೋದ ಒಂದು ಚಿಕ್ಕ ಬಿಡಿಭಾಗವನ್ನು ಬದಲಿಸಬೇಕೆಂದರೆ ಆ ಪದರವನ್ನು ಕೆರೆದು ಕೆರೆದು ತೆಗೆಯಬೇಕು, ಬಹಳ ಸಲ ಪಕ್ಕದ ತಾಮ್ರದ ಗೆರೆಯೂ ಜೊತೆಗೇ ಎದ್ದುಬರುತ್ತದೆ. ಹಾಗಾಗಿ ಪೂರ್ತಿ ಬೋರ್ಡನ್ನೇ ಬದಲಿಸುತ್ತಾರೆ. ಅದಕ್ಕೆ ಹಲವು ಸಾವಿರ.

ಮಳೆಗಾಲದ ಮೊದಲ ಸಿಡಿಲುಗಳು ಬಂದಾಗ ನನ್ನ ಫೋನು ಸುಮ್ಮನಿರುವುದಿಲ್ಲ. ಹಳೆಯ ಬೆಲ್ಟ್ ಮೆಷಿನ್ನಿನ ಮೋಟಾರ್ ಸಿಡಿಲಿಗೆ ಅಷ್ಟು ಸುಲಭಕ್ಕೆ ಸಾಯುವುದಿಲ್ಲ. ಬೋರ್ಡ್ ಸಾಯುತ್ತದೆ. ಅದರ ಮೇಲೆ ಇಲಿಗಳ ಕಾಟ. ತಳ ತೆರೆದಿರುವ ಮೆಷಿನ್ನಿನೊಳಗೆ ನುಗ್ಗಿ ಸೆನ್ಸರಿನ ಸಣ್ಣ ವೈರುಗಳನ್ನು ಕಡಿಯುತ್ತವೆ. ತಳಕ್ಕೆ ಜಾಲರಿ ಹಾಕಿಸಿಕೊಳ್ಳುವುದು ಹಳ್ಳಿಮನೆಯಲ್ಲಿ ಐಚ್ಛಿಕವಲ್ಲ.

ವಾರಂಟಿಯ ಮಾತಿಗೆ ಇಲ್ಲೇ ಬರುತ್ತೇನೆ. ‘ಮೋಟಾರಿಗೆ 10 ವರ್ಷ’ ಎಂದು ದೊಡ್ಡ ಅಕ್ಷರದಲ್ಲಿ ಬರೆದಿರುತ್ತಾರೆ. ಅದು ಸುಳ್ಳಲ್ಲ. ಆ ಮೋಟಾರ್ ಕೆಡುವುದೇ ಅಪರೂಪ, ತಿಕ್ಕಾಡಿ ಸವೆಯುವ ಭಾಗ ಅದರಲ್ಲಿ ಬೇರಿಂಗ್ ಬಿಟ್ಟರೆ ಬೇರೆ ಇಲ್ಲ. ಬೋರ್ಡ್ ಸೇರಿದಂತೆ ಉಳಿದ ಭಾಗಗಳಿಗೆ ಸಾಮಾನ್ಯವಾಗಿ ಸಿಗುವುದು ಎರಡು ವರ್ಷ. ಕೆಡದ ಭಾಗಕ್ಕೆ ಹತ್ತು ವರ್ಷ, ಕೆಡುವ ಭಾಗಕ್ಕೆ ಎರಡು ವರ್ಷ. ಇದನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ತೋಟದ ಮನೆಯ ಅಮ್ಮನಿಗೆ ವಿವರಿಸಿದಾಗ ಅವರು, ‘ಹಾಗಾದ್ರೆ ಬೋರ್ಡಿಗೆ ಹತ್ತು ವರ್ಷ ಕೊಡ್ಲಿ, ಮೋಟಾರಿಗೆ ಎರಡೇ ಸಾಕು’ ಎಂದರು. ಅವರ ಬೇಡಿಕೆ ಪೂರ್ತಿ ನ್ಯಾಯ.

ಕೇಂದ್ರ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್ 24ರಂದು, ರಾಷ್ಟ್ರೀಯ ಗ್ರಾಹಕರ ದಿನ, ರಿಪೇರಿಯ ಹಕ್ಕಿಗಾಗಿ ಒಂದು ಪೋರ್ಟಲ್ ತೆರೆಯಿತು. ಮೊಬೈಲ್, ವಾಹನ, ಕೃಷಿ ಉಪಕರಣಗಳ ಜೊತೆ ಮನೆಬಳಕೆಯ ವಸ್ತುಗಳೂ ಅದರ ವ್ಯಾಪ್ತಿಯಲ್ಲಿವೆ. ಬಿಡಿಭಾಗ, ವಾರಂಟಿ, ರಿಪೇರಿಯ ಮಾಹಿತಿ ಗ್ರಾಹಕರಿಗೆ ಒಂದೇ ಕಡೆ ಸಿಗಬೇಕು ಎಂಬುದು ಉದ್ದೇಶ. ಒಳ್ಳೆಯ ಹೆಜ್ಜೆ. ಆದರೆ ಸಣ್ಣ ಊರಿನ ಮೆಕ್ಯಾನಿಕ್‌ಗೆ ಬೋರ್ಡಿನ ನಕ್ಷೆಯೂ ಬಿಡಿಭಾಗವೂ ನ್ಯಾಯವಾದ ಬೆಲೆಗೆ ಸಿಗುವಂತಾದರೆ ಮಾತ್ರ ಅದು ಹಕ್ಕಾಗುತ್ತದೆ.

ಇಷ್ಟೆಲ್ಲ ನೋಡಿದ ಮೇಲೆ ನನ್ನ ತೀರ್ಪು ಇದು. ನಿಮ್ಮ ಹಳೆಯ ಬೆಲ್ಟ್ ಮೆಷಿನ್ನಿನ ಬಾಡಿ ತುಕ್ಕು ಹಿಡಿದಿಲ್ಲ, ಹೊರತೊಟ್ಟಿ ಬಿರುಕು ಬಿಟ್ಟಿಲ್ಲ ಎಂದಾದರೆ ಬೆಲ್ಟ್, ಡ್ರೈನ್ ಮೋಟಾರ್, ವಾಲ್ವ್, ಅಲುಗಾಟ ತಡೆಯುವ ರಾಡ್‌ಗಳು ಯಾವುದು ಹೋಗಿದ್ದರೂ ರಿಪೇರಿ ಮಾಡಿಸಿ. ಗೇರ್‌ಬಾಕ್ಸ್ ಹೋಗಿದ್ದರೂ ಒಮ್ಮೆ ಹಾಕಿಸಬಹುದು. ಬಾಡಿಯೇ ಕರಗಿದ್ದರೆ ಅದಕ್ಕೆ ಹಣ ಸುರಿಯಬೇಡಿ. ಹೊಸದನ್ನೇ ಕೊಳ್ಳುವುದಾದರೆ ಡೈರೆಕ್ಟ್ ಡ್ರೈವ್ ಕೊಳ್ಳಿ. ವಿನ್ಯಾಸವಾಗಿ ಅದು ಹಳೆಯದಕ್ಕಿಂತ ಮೇಲು, ಮಳೆನಾಡಿನವರಿಗಂತೂ ನಿಸ್ಸಂದೇಹವಾಗಿ ಮೇಲು. ನೀರಿನ ಮಟ್ಟ ಕೈಯಲ್ಲಿ ಆರಿಸುವಂತಿರಲಿ. ಸರಿಯಾದ ಅರ್ಥಿಂಗ್ ಮಾಡಿಸಿದ ಪ್ಲಗ್ಗಿಗೇ ಹಾಕಿ, ಗುಡುಗು ಕೇಳಿದರೆ ಪ್ಲಗ್ ಕಿತ್ತಿಡಿ.

ಇನ್ನು ಹಣ ಕೊಡುವ ಮೊದಲು ಅಂಗಡಿಯವರನ್ನು ಎರಡು ಪ್ರಶ್ನೆ ಕೇಳಿ: ಈ ಮಾದರಿಯ ಬೋರ್ಡಿನ ಬೆಲೆ ಎಷ್ಟು, ವಾರಂಟಿ ಮುಗಿದ ಮೇಲೆ ಅದು ಎಷ್ಟು ವರ್ಷ ಸಿಗುತ್ತದೆ. ಉತ್ತರವನ್ನು ಬಿಲ್ಲಿನ ಹಿಂದೆ ಬರೆಸಿಕೊಳ್ಳಿ. ಬರೆದುಕೊಡಲು ಒಪ್ಪದಿದ್ದರೆ ಪಕ್ಕದ ಅಂಗಡಿಗೆ ಹೋಗಿ.